ಐಸು ತಾಗಿದ ಕಂಚಿ ಗಿಡಗಳು

ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತವಳಿಗೆ ಮಜ್ಜಿಗೆ ಸಪ್ಪೆ ಎನಿಸಿತು. ಎರಡು ಕಂಚಿ ಎಲೆ ಹಿಂಡಿದರೆ ಸರಿಹೋಗುತ್ತದೆ ಎಂದು ಮೊಮ್ಮಗನ ಹೆಂಡತಿ ಸ್ಮಿತಾಳನ್ನು ಕರೆದೆ. ಬೈಂದೂರಿನಿಂದ ನಮ್ಮ ಗುಲ್ವಾಡಿ ಮನೆಗೆ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಹುಡುಗಿ. ಹಿತ್ತಿಲಿಗೆ ಹೋಗಿ ಎಲೆ ಕೊಯ್ದು ತರುತ್ತಾಳೆ ಎಂದು ನಾನು ಕಾಯುತ್ತಿದ್ದರೆ, ಅವಳು ಫ್ರಿಜ್ಜಿನ ಬಾಗಿಲು ತೆಗೆದು, ಮೇಲಿನ ಐಸಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದು ನನ್ನ ಎದುರಿಗೆ ಇಟ್ಟಳು.

"ಹೀಂಗೆ ಇಟ್ರೆ ತಿಂಗಳ್ಗಟ್ಲೆ ಹಾಳಾತಿಲ್ಲೆ ಅಂಬ್ರು ಅಮ್ಮಮ್ಮ, ಮೊಬೈಲಿನಲ್ಲಿ ತೋರ್ಸಿದ್ರ್" ಎಂದಳು. ಮುಖದ ಮೇಲೆ ಹೆಮ್ಮೆ ಕುಣಿಯುತ್ತಿತ್ತು.

ತೊಟ್ಟೆ ಬಿಚ್ಚಿ ನೋಡಿದೆ. ಕಪ್ಪು ತಿರುಗಿದ ಹಸಿರು, ಬೇಯಿಸಿ ಬಸಿದ ಸೊಪ್ಪಿನ ಹಾಗೆ ಸೋತು ಬಿದ್ದ ಎಲೆಗಳು. ಒಂದೆರಡಲ್ಲ, ತೊಟ್ಟೆ ತುಂಬ. ನನ್ನ ಎದೆ ಧಸಕ್ಕೆಂದಿತು. ಇಷ್ಟು ಎಲೆ ಎಲ್ಲಿಂದ ಬಂತು? ಊಟ ಅಲ್ಲಿಗೇ ಬಿಟ್ಟು ಕೋಲು ಹಿಡಿದು ಹಿತ್ತಿಲಿಗೆ ಹೋದೆ. ಸೊಂಟದೆತ್ತರ ಬಂದಿದ್ದ ನನ್ನ ಕಂಚಿ ಗಿಡ ಬೋಳಾಗಿ ನಿಂತಿತ್ತು. ತುದಿಯಲ್ಲಿ ಒಂದು ಎಲೆ ಉಳಿದಿದ್ದರೆ ಕೇಳಿ, ಅದೂ ಇಲ್ಲ. ಮುಳ್ಳು ಮಾತ್ರ ಇತ್ತು.

ನನ್ನ ಬಾಯಿ ಎಂಥದ್ದು ಎಂದು ನಿಮಗೆ ಗೊತ್ತಿಲ್ಲ. ಈ ಮನೆಯಲ್ಲಿ ಅದನ್ನು ತಿಳಿಯದವರಿಲ್ಲ. ಆ ಹುಡುಗಿಗೆ ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು. ಕೈಯಲ್ಲಿ ಇನ್ನೂ ಹಿಡಿದುಕೊಂಡಿದ್ದ ಆ ತಣ್ಣಗಿನ ಎಲೆಯನ್ನು ಸುಮ್ಮನೆ ಮೂಗಿಗೆ ಹಿಡಿದೆ. ಅಷ್ಟೆಲ್ಲ ಅವಸ್ಥೆಯಾದ ಮೇಲೂ ಅದರ ಪರಿಮಳ ಹೋಗಿರಲಿಲ್ಲ. ಅದರ ಹಿಂದೆಯೇ ಮೈದುನ ಶೀನನ ಮುಖ ನೆನಪಾಯಿತು, ಅವನ ಮರದ ಬಕೆಟ್ಟು ನೆನಪಾಯಿತು, ನನಗೆ ನಗು ಬಂದುಬಿಟ್ಟಿತು. ಬೋಳು ಗಿಡದ ಎದುರು ಒಬ್ಬಳೇ ನಿಂತು ನಗುವ ಮುದುಕಿಯನ್ನು ಅಡುಗೆಮನೆಯ ಕಿಟಕಿಯಿಂದ ಸ್ಮಿತಾ ನೋಡಿದಳೆಂದು ಕಾಣುತ್ತದೆ. ಪಾಪ, ಬೈಗುಳಕ್ಕಿಂತ ಅದಕ್ಕೇ ಹೆಚ್ಚು ಹೆದರಿರಬೇಕು.

ನಮ್ಮ ಕಡೆ ಐಸು ಬಿದ್ದು ಗಿಡ ಸತ್ತಿತೆಂದು ಹೇಳಿದರೆ ಯಾರು ನಂಬುತ್ತಾರೆ ಹೇಳಿ. ಮಕರ ಮಾಸದ ಚಳಿಗೆ ಒಂದು ಹೊದಿಕೆ ಸಾಕಾಗುವ ಊರು ಇದು. ಬೆಳಗಿನ ಇಬ್ಬನಿ ಗದ್ದೆಯ ಅಂಚಿನಿಂದ ಏಳುವಷ್ಟರಲ್ಲಿ ಬೆವರು ಇಳಿಯುತ್ತದೆ. ಆದರೂ ನಮ್ಮ ಮನೆಯ ಹಿತ್ತಿಲಲ್ಲಿ, ಅದೂ ವೈಶಾಖದ ಉರಿ ಸೆಕೆಯಲ್ಲಿ, ನಾಲ್ಕು ಎಳೆಯ ಕಂಚಿ ಗಿಡಗಳಿಗೆ ಐಸು ತಾಗಿತು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನೇ ಸಾಕ್ಷಿ.

ಗಿಡಗಳು ವಾರಿಜಳವು. ವಾರಿಜ ನನ್ನ ಓರಗಿತ್ತಿ, ನನ್ನ ಗಂಡನ ತಮ್ಮ ಶೀನನ ಹೆಂಡತಿ. ಕೊಕ್ಕರ್ಣೆಯ ಹುಡುಗಿ. ಅವಳ ತವರಿನ ಬಾವಿಕಟ್ಟೆಯ ಪಕ್ಕ ಒಂದು ಕಂಚಿ ಮರ ಇತ್ತಂತೆ. ಕಂಚಿ ಎಂದರೆ ನಿಂಬೆಯ ದೊಡ್ಡಣ್ಣ, ದಪ್ಪ ಸಿಪ್ಪೆಯ ಹುಳಿ ಹಣ್ಣು, ಉಪ್ಪಿನಕಾಯಿ ಹಾಕಿದರೆ ವರ್ಷ ಕಳೆದರೂ ಕೆಡುವುದಿಲ್ಲ. ವಾರಿಜಳ ತಾಯಿ ತೀರಿಕೊಂಡ ವರ್ಷವೇ ಅಣ್ಣತಮ್ಮಂದಿರು ಹಿಸ್ಸೆಯಾದರು, ಹೊಸ ಗೋಡೆ ಹೋಗುವ ಗೆರೆಯಲ್ಲಿ ಆ ಮರ ಸಿಕ್ಕಿತು, ಕಡಿದುಬಿಟ್ಟರು. ಕೊನೆಯ ಹಣ್ಣಿನ ಬೀಜಗಳನ್ನು ವಾರಿಜ ಸೆರಗಿನಲ್ಲಿ ಗಂಟು ಕಟ್ಟಿಟ್ಟುಕೊಂಡು, ತೆಂಗಿನ ಗೆರಟೆಗಳಲ್ಲಿ ಮೊಳಕೆ ಬರಿಸಿ, ಮದುವೆಯಾಗಿ ನಮ್ಮ ಮನೆಗೆ ಬರುವಾಗ ಬಟ್ಟೆಯ ಪೆಟ್ಟಿಗೆಯ ಜೊತೆ ಅವನ್ನೂ ತಂದಳು. ದಿಬ್ಬಣದ ಬಸ್ಸಿನಲ್ಲಿ ಮದುಮಗಳ ಮಡಿಲಲ್ಲಿ ಗೆರಟೆಗಳಿರುವುದನ್ನು ಕಂಡು ನಾವೆಲ್ಲ ಮುಸಿಮುಸಿ ನಕ್ಕಿದ್ದೆವು. ಅವಳು ಮಾತ್ರ ತಲೆ ಎತ್ತಿಯೂ ನೋಡಲಿಲ್ಲ.

ಶೀನ ಮುಂಬಯಿಯ ಒಂದು ಹೋಟೆಲಿನಲ್ಲಿ ಇದ್ದ. ಕಪ್ಪು-ಬಸಿ ತೊಳೆಯುವ ಕೆಲಸದಿಂದ ಶುರುಮಾಡಿ ಗಲ್ಲಾದ ಹತ್ತಿರದವರೆಗೆ ಬಂದಿದ್ದ ಚುರುಕು ಆಸಾಮಿ. ಮದುವೆಯಾದ ತಿಂಗಳಿಗೇ ಹೋದವನು ಮತ್ತೆ ಬಂದದ್ದು ಎರಡು ಮಳೆಗಾಲ ಕಳೆದು, ತನ್ನ ತಂಗಿಯ ಮದುವೆಗೆ. ಬರುವಾಗ ಎರಡು ಸುದ್ದಿ ತಂದ. ಒಂದು, ಚಾಳಿನಲ್ಲಿ ಒಂದು ಖೋಲಿ ಸಿಕ್ಕಿದೆ, ಮಳೆ ಹಿಡಿಯುವ ಮೊದಲು ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂಬುದು. ಇನ್ನೊಂದು, ತಂಗಿಯ ಮದುವೆಗೆ ಐಸ್ ಕ್ರೀಮ್ ಮಾಡಿ ಬಡಿಸುತ್ತೇನೆ ಎಂಬುದು. ಮನೆಯವರೆಲ್ಲ ಎರಡನೆಯ ಸುದ್ದಿಗೇ ಹೆಚ್ಚು ಕಿವಿಗೊಟ್ಟರು. ವಾರಿಜ ಮೊದಲನೆಯದಕ್ಕೆ "ಹ್ಞೂಂ" ಎಂದಳು. ಆ ಹ್ಞೂಂನಲ್ಲಿ ಖುಷಿ ಎಷ್ಟು, ದಿಗಿಲು ಎಷ್ಟು ಎಂದು ನನಗೆ ತಿಳಿಯಲಿಲ್ಲ. ಒಂದು ತಿಂಗಳು ಸಂಸಾರ ಮಾಡಿದ ಗಂಡನ ಹಿಂದೆ ಅಷ್ಟು ದೂರ ಹೋಗುವುದೆಂದರೆ ಹುಡುಗಾಟವೇ? ಗಿಡಗಳನ್ನು ನೋಡಿಕೊಳ್ಳುತ್ತೀಯಾ ಅಕ್ಕ ಎಂದು ಮಾತ್ರ ನನ್ನನ್ನು ಕೇಳಿದಳು. ಆಗ ಅವು ಎದೆಯೆತ್ತರಕ್ಕೆ ಬಂದು ದಟ್ಟವಾಗಿ ನಿಂತಿದ್ದವು.

ಐಸ್ ಕ್ರೀಮಿನ ಯಂತ್ರ ಎಂದರೆ ಒಂದು ಮರದ ಬಕೆಟ್ಟು. ನಡುವೆ ತಗಡಿನ ಡಬ್ಬಿ, ಅದಕ್ಕೆ ತಿರುಗಿಸುವ ಹಿಡಿ. ಡಬ್ಬಿಯೊಳಗೆ ಹಾಲು, ಸಕ್ಕರೆ, ಮಾವಿನ ರಸ. ಸುತ್ತ ಐಸು ತುಂಬಿ ಅದರ ಮೇಲೆ ಹಿಡಿಹಿಡಿಯಾಗಿ ಕಲ್ಲುಪ್ಪು ಸುರಿಯಬೇಕು. ಉಪ್ಪು ಬಿದ್ದರೆ ಐಸು ಇನ್ನಷ್ಟು ತಣ್ಣಗಾಗುತ್ತದೆ ಎಂದು ಶೀನ ವಿವರಿಸಿದಾಗ ನಮ್ಮ ಅತ್ತೆ, "ಮುಂಬಯಿಗೆ ಹೋಯಿ ಇದೇ ಕಲ್ತದ್ದಾ ಮಗಾ?" ಎಂದು ಕೇಳಿದರು. ಮೀನಿಗೆ ಹಾಕುವ ಐಸನ್ನು ಗಂಗೊಳ್ಳಿಯ ಕಡೆಯಿಂದ ದೋಣಿಯಲ್ಲಿ ತರಿಸಿದ. ಭತ್ತದ ಉಮಿ ತುಂಬಿದ ಗೋಣಿಯಲ್ಲಿ ಬಂದ ಆ ಐಸನ್ನು ನೋಡಲು ಮದುಮಗಳನ್ನು ಬಿಟ್ಟು ಊರಿಗೆ ಊರೇ ಹಿತ್ತಿಲಿಗೆ ಬಂತು. ಮೀನಿನ ವಾಸನೆ ಬರುತ್ತದೇನೋ ಎಂದು ನಾನು ಮೂಸಿ ನೋಡಿದ್ದು ನಿಜ. ಮೂಗಿನ ತುದಿ ಮರಗಟ್ಟಿತೇ ಹೊರತು ವಾಸನೆ ತಿಳಿಯಲಿಲ್ಲ.

ಬಡಿಸಿದ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನ ಇಲ್ಲ. ಬಟ್ಟಲು ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪಂಕ್ತಿಯಲ್ಲಿ ಬಾಳೆ ಎಲೆಯ ಮೇಲೆ, ಹೋಳಿಗೆಯ ಪಕ್ಕ, ಒಂದೊಂದು ಸೌಟು ಬಡಿಸಿದರು. ಆ ಸೆಕೆಯಲ್ಲಿ ಅದು ನಿಂತೀತೇ? ಕ್ಷಣದಲ್ಲಿ ಕರಗಿ ಎಲೆಯ ಇಳಿಜಾರು ಹಿಡಿದು ಹೊರಟಿತು. ಗಂಡಿನ ಕಡೆಯ ಹಿರಿಯರೊಬ್ಬರು ಎರಡೂ ಕೈಯಿಂದ ಒಡ್ಡು ಕಟ್ಟಿ, ಅನ್ನದ ಗೋಡೆ ಹಾಕಿ ಅದನ್ನು ತಡೆದು ನಿಲ್ಲಿಸಿ ಉಂಡರು. ಸಾರು, ಐಸ್ ಕ್ರೀಮು ಎರಡೂ ಸೇರಿದ ಆ ಅನ್ನವನ್ನು ಅವರು "ಲಾಯ್ಕಿತ್ತ್" ಎಂದು ಹೊಗಳಿದರು. ಮದುವೆಯ ಮಾತೆಲ್ಲ ಮರೆತು ಜನ ವರ್ಷಗಟ್ಟಲೆ ಆ ಊಟದ ಮಾತನ್ನೇ ಆಡಿದರು.

ದಿಬ್ಬಣ ಹೋದ ಮೇಲೆ ಬಕೆಟ್ಟಿನಲ್ಲಿ, ಗೋಣಿಯಲ್ಲಿ ಐಸು ಉಳಿಯಿತು. ನಮ್ಮಲ್ಲಿ ಯಾವುದನ್ನೂ ಸುಮ್ಮನೆ ಬಿಸಾಡುವ ಪದ್ಧತಿ ಇಲ್ಲ. ಶೀನ ನಿಂತು ಯೋಚನೆ ಮಾಡಿದ. ತೆಂಗಿನ ಬುಡಕ್ಕೆ ವರ್ಷವರ್ಷ ಉಪ್ಪು ಹಾಕುವ ಊರು ನಮ್ಮದು. ಉಪ್ಪು ಗಿಡಕ್ಕೆ ಒಳ್ಳೆಯದು ಎಂಬುದು ಹುಟ್ಟಿದ ಮಕ್ಕಳಿಗೂ ಗೊತ್ತು. ಸೆಕೆಗಾಲದಲ್ಲಿ ತಂಪು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಉಪ್ಪೂ ತಂಪೂ ಕೂಡಿದ್ದು ಇನ್ನೆಷ್ಟು ಒಳ್ಳೆಯದು? ಹೆಂಡತಿಗೆ ಸಂತೋಷವಾಗಲಿ ಎಂದು ಅಷ್ಟೂ ಉಪ್ಪು ಐಸನ್ನು ಅವಳ ನಾಲ್ಕು ಗಿಡದ ಬುಡಕ್ಕೆ ಹೊತ್ತು ಹಾಕಿದ. ಹಾಕಿ ಬಿಟ್ಟಿದ್ದರೂ ಆಗುತ್ತಿತ್ತು. ಬೇಗ ಕರಗಬಾರದೆಂದು ಕಾಂಡದ ಸುತ್ತ ಐಸು ಕಟ್ಟಿ, ಗೋಣಿ ಸುತ್ತಿ, ಬಾಳೆಯ ಹಗ್ಗದಿಂದ ಬಿಗಿದ. ಮಗುವಿಗೆ ಸ್ವೆಟರ್ ಹಾಕಿದ ಹಾಗೆ ಕಾಣುತ್ತಿತ್ತು. ನಾನೂ ನೋಡಿದೆ, ಅತ್ತೆಯೂ ನೋಡಿದರು. ಒಬ್ಬರಾದರೂ ಬೇಡ ಎನ್ನಲಿಲ್ಲ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಎಂದು ನನಗಂತೂ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಎಲೆಗಳು ಒಳಮುಖವಾಗಿ ಮುದುಡಿದವು. ಆಮೇಲೆ ಬಣ್ಣ ತಿರುಗಿತು, ಮೊನ್ನೆ ನನ್ನ ಕೈಯಲ್ಲಿದ್ದವಲ್ಲ, ಅದೇ ಬಣ್ಣ. ಗಾಳಿ ಬೀಸಿದಾಗಲೆಲ್ಲ ಉದುರಿದವು. ವಾರ ಕಳೆಯುವಷ್ಟರಲ್ಲಿ ನಾಲ್ಕೂ ಗಿಡ ಸೌದೆಯ ಕಡ್ಡಿಗಳಾದವು. ಗೋಣಿ ಬಿಚ್ಚಿ ನೋಡಿದರೆ ಕಾಂಡದ ಸಿಪ್ಪೆ ಅಲ್ಲಲ್ಲಿ ಬಿರುಕು ಬಿಟ್ಟು ಕಂದು ತಿರುಗಿತ್ತು. ಶೀತ ಸುಡುತ್ತದೆ ಎಂದು ನಾನು ಮೊದಲ ಸಲ ಕಂಡದ್ದು ಆಗ.

ವಾರಿಜ ಅಳಲಿಲ್ಲ, ಕೂಗಾಡಲಿಲ್ಲ. ನಾನಾಗಿದ್ದರೆ ಶೀನನ ಬಕೆಟ್ಟು ಹೊಳೆ ಸೇರುತ್ತಿತ್ತು. ಅವಳು ಉದುರಿದ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿಕೊಂಡಳು. ಶೀನ ಪಕ್ಕದಲ್ಲಿ ನಿಂತು, "ಒಳ್ಳೇದಕ್ಕೇ ಮಾಡ್ದೆ ಕಾಣ್, ಸೆಕಿಗೆ ತಂಪಾಲಿ ಅಂತ" ಎಂದು ಬಡಬಡಿಸುತ್ತಿದ್ದ. ಅವಳು ಎದ್ದು ನಿಂತು ಒಂದೇ ಮಾತು ಹೇಳಿದಳು.

"ಗಿಡ ಚಿಗುರದೆ ನಾನ್ ಎಲ್ಲಿಗೂ ಬತ್ತಿಲ್ಲೆ."

"ಚಿಗುರದೇ ಹೋದ್ರೆ?"

"ಬತ್ತಿಲ್ಲೆ ಅಂದೆ ಅಲ್ದಾ."

ಶೀನನ ಮುಖ ನೋಡಬೇಕಿತ್ತು. ಮಳೆಗಾಲಕ್ಕೆ ಮೊದಲು ಹೊರಡಬೇಕು, ತಡಮಾಡಿದರೆ ಹೋಟೆಲಿನ ಧನಿ ಆ ಜಾಗಕ್ಕೆ ಬೇರೆಯವರನ್ನು ಇಟ್ಟುಕೊಳ್ಳುತ್ತಾನೆ, ಖೋಲಿಯೂ ಕೈಬಿಡುತ್ತದೆ. ಹೆಂಡತಿಯನ್ನು ಬಿಟ್ಟು ಒಬ್ಬನೇ ಹೋದರೆ ಮತ್ತೆ ಎಷ್ಟು ಮಳೆಗಾಲ ಕಳೆಯಬೇಕೋ. ಅತ್ತೆ ತಮ್ಮ ರೀತಿಯಲ್ಲಿ ತೀರ್ಮಾನ ಕೊಟ್ಟರು. "ಕಂಚಿ ಗಿಡಕ್ಕೆ ಬರವಾ ಹೆಣೆ? ಇದನ್ನ್ ಕಿತ್ತ್ ಬಿಸಾಡಿ ಬೇರೆ ನೆಟ್ರೆ ಆಯ್ತ್." ವಾರಿಜ ಅವರಿಗೆ ಎದುರಾಡಲಿಲ್ಲ. ಹೋಗಿ ಗಿಡಗಳ ಎದುರು ಕುಳಿತು ಬೀಡಾಡಿ ದನಗಳು ಬರದ ಹಾಗೆ ಬೇಲಿ ಕಟ್ಟತೊಡಗಿದಳು. ಅತ್ತೆಗೆ ಅರ್ಥವಾಯಿತು, ಒಳಗೆ ಹೋದರು.

ಅಲ್ಲಿಂದ ನಮ್ಮ ಹಿತ್ತಿಲು ಆಸ್ಪತ್ರೆಯಾಯಿತು. ಬಂದವರೆಲ್ಲ ಒಂದೊಂದು ಔಷಧಿ ಹೇಳಿದರು. ಸಗಣಿ ಹಾಕಿ ಎಂದರು ಒಬ್ಬರು, ಮೀನಿನ ಗೊಬ್ಬರ ಹಾಕಿ ಎಂದರು ಇನ್ನೊಬ್ಬರು, ಹುಳಿಮಜ್ಜಿಗೆ ಎರೆಯಿರಿ ಎಂದವರೂ ಇದ್ದರು. ಒಣಗಿದ್ದನ್ನೆಲ್ಲ ಕಡಿದುಹಾಕಿ ಎನ್ನುವುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ಶೀನ ಕತ್ತಿ ಮಸೆದು ಸಿದ್ಧನಾಗಿಯೇ ಇದ್ದ.

"ಈಗ ಕಡುಕಾಗ" ಎಂದಳು ವಾರಿಜ. "ಎಲ್ಲಿವರೆಗೆ ಸತ್ತದ್ದ್, ಎಲ್ಲಿಂದ ಬದ್ಕಿದ್ದ್ ಅಂತ ನಿಮಗೆ ಹೇಂಗೆ ಗೊತ್ತಾತ್? ಗಿಡವೇ ಹೇಳ್ಕ್."

ಅವಳು ಸಣ್ಣವಳಿದ್ದಾಗ ಯಾರೋ ಗದ್ದೆಯ ಗೊಬ್ಬರಕ್ಕೆಂದು ಸುಡುಮಣ್ಣು ಮಾಡುವ ಬೆಂಕಿಯನ್ನು ಆ ಕೊಕ್ಕರ್ಣೆಯ ಮರಕ್ಕೆ ತೀರ ಹತ್ತಿರ ಹಾಕಿ ಒಂದು ಪಕ್ಕ ಪೂರ್ತಿ ಬೆಂದುಹೋಗಿತ್ತಂತೆ. ಅವಳ ತಾಯಿ ಕತ್ತಿ ಮುಟ್ಟಿಸದೆ, ಗೊಬ್ಬರ ಹಾಕದೆ, ಮಳೆ ಬರುವವರೆಗೆ ನೆರಳು ಕಟ್ಟಿ ಕಾದರಂತೆ. ಬೆಂಕಿಯಿಂದ ಸುಟ್ಟರೇನು, ಐಸಿನಿಂದ ಸುಟ್ಟರೇನು, ಸುಟ್ಟದ್ದು ಸುಟ್ಟದ್ದೇ ಎಂದು ವಾರಿಜಳ ಲೆಕ್ಕ. ಹಾಗಾಗಿ ಶೀನನಿಗೆ ಕೆಲಸ ಹಚ್ಚಿದಳು. ಮೊದಲು ಬುಡದ ಉಪ್ಪುಮಣ್ಣು ಕೆರೆದು ತೆಗೆಸಿದಳು. ಬಾವಿಯ ಸಿಹಿನೀರನ್ನು ಕೊಡಗಟ್ಟಲೆ ಹೊಯ್ಯಿಸಿ ಉಳಿದ ಉಪ್ಪನ್ನು ಆಳಕ್ಕೆ ಇಳಿಸಿದಳು. ಆಮೇಲೆ ಮಣ್ಣು ಆರುವವರೆಗೆ ನೀರು ನಿಲ್ಲಿಸಿದಳು. ಎಲೆ ಇಲ್ಲದ ಗಿಡ ನೀರು ಕುಡಿಯುವುದಿಲ್ಲ, ಕೊಟ್ಟರೆ ಬೇರು ಕೊಳೆಯುತ್ತದಂತೆ. ಬೋಳು ಕಾಂಡಕ್ಕೆ ಬಿಸಿಲು ಹೊಡೆಯದ ಹಾಗೆ ತಿಳಿಸುಣ್ಣ ಬಳಿಸಿದಳು. ಮೇಲೆ ತೆಂಗಿನ ಮಡಲು ಹೆಣೆದು ಚಪ್ಪರ ಹಾಕಿಸಿದಳು. ಇಷ್ಟಾದ ಮೇಲೆ, "ಇನ್ನ್ ಸುಮ್ನೆ ಇರ್ಕ್" ಎಂದಳು.

ಆ ಕೊನೆಯ ಕೆಲಸವೇ ಶೀನನಿಗೆ ಆಗದ್ದು. ಸುಮ್ಮನಿರುವುದನ್ನು ಅವನಿಗೆ ಯಾವ ಹೋಟೆಲೂ ಕಲಿಸಿರಲಿಲ್ಲ. ಬೆಳಗ್ಗೆ ಎದ್ದವನು ಹಲ್ಲುಜ್ಜುವ ಮೊದಲು ಗಿಡದ ಹತ್ತಿರ ಹೋಗಿ, ಹೆಬ್ಬೆರಳ ಉಗುರಿನಿಂದ ಸಿಪ್ಪೆ ಕೆರೆದು ಒಳಗೆ ಹಸಿರು ಇದೆಯೇ ಎಂದು ನೋಡುತ್ತಿದ್ದ. ಮಧ್ಯಾಹ್ನ ಮತ್ತೊಂದು ಕಡೆ ಕೆರೆಯುತ್ತಿದ್ದ. ವಾರಿಜ ಹಿಂದಿನಿಂದ ಬಂದು, "ಹ್ವಾಯ್, ಹೀಂಗೆ ದಿನಾ ಕೆರೆದ್ರೆ ಇದ್ದ ಜೀವವೂ ಹೋತ್" ಎಂದಾಗ ಕೈ ಹಿಂದೆ ಕಟ್ಟಿಕೊಂಡು ನಿಂತ. ನಾನೂ ಸುಮ್ಮನಿರಲಿಲ್ಲ ಎನ್ನಿ. "ಶೀನ, ಗಿಡಕ್ಕೆ ಸ್ವೆಟರ್ ಹಾಕಿದೆ, ಸುಣ್ಣದ ಬನಿಯನ್ ಹಾಕಿದೆ, ಇನ್ನ್ ಮುಂಬಯಿಯಿಂದ ಪ್ಯಾಂಟ್ ತರ್ಸ್ತ್ಯಾ?" ಎಂದು ಕೆಣಕುತ್ತಿದ್ದೆ. "ನಗಾಡಿ ಅತ್ಗಿ, ನಗಾಡಿ" ಎಂದು ಅವನೂ ನಗುತ್ತಿದ್ದ. ಆದರೆ ನಗು ದಿನದಿನಕ್ಕೆ ಸಣ್ಣದಾಗುತ್ತ ಬಂತು.

ನನ್ನ ಮಟ್ಟಿಗೆ ಹೇಳುವುದಾದರೆ, ವಾರಿಜ ಹೋಗದೆ ಉಳಿದರೆ ನನಗೆ ಲಾಭವೇ ಇತ್ತು. ಅಕ್ಕಿ ಕುಟ್ಟಲು ಎದುರು ಒನಕೆ ಹಿಡಿಯುವವಳು, ಅತ್ತೆಯ ಮಾತಿಗೆ ಕಣ್ಣಲ್ಲೇ ನನ್ನ ಜೊತೆ ನಗುವವಳು ಅವಳೊಬ್ಬಳೇ. ಆದರೂ ಆ ಬೋಳು ಕಡ್ಡಿಗಳ ಎದುರು ಅವಳು ಕುಕ್ಕರಗಾಲಿನಲ್ಲಿ ಕುಳಿತಿರುವುದನ್ನು ಕಂಡಾಗ, ಚಿಗುರಲಿ ದೇವರೇ, ನನ್ನ ಒನಕೆ ನಾನು ಒಬ್ಬಳೇ ಹಿಡಿಯುತ್ತೇನೆ ಎಂದು ಹೇಳಿಕೊಂಡೆ.

ಮೋಡ ಕಟ್ಟತೊಡಗಿತು. ಶೀನ ಇನ್ನು ತಡೆಯಲಾರ ಎಂದು ನನಗೆ ಕಾಣುತ್ತಿತ್ತು. ಒಂದು ದಿನ ಅತ್ತೆ ವಾರಿಜಳನ್ನು ಕರೆದುಕೊಂಡು ಕುಂದಾಪುರಕ್ಕೆ, ನೆಂಟರ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋದರು. ಅವರ ಬಸ್ಸು ಹೋದದ್ದೇ ತಡ, ಶೀನ ಎಲ್ಲಿಗೋ ಮಾಯವಾದ. ಮಧ್ಯಾಹ್ನದ ಹೊತ್ತಿಗೆ ಬಂದ. ಹೆಗಲ ಮೇಲಿನ ಬುಟ್ಟಿಯಲ್ಲಿ ನಾಲ್ಕು ಕಂಚಿ ಸಸಿಗಳು, ಬುಡದಲ್ಲಿ ಸಿದ್ದಾಪುರದ ಕೆಂಪು ಮಣ್ಣು, ಮೈತುಂಬ ಹಸಿರು ಎಲೆ. ಎತ್ತರ ಕೂಡ ಸರಿಸುಮಾರು ಅಷ್ಟೇ.

"ಅತ್ಗಿ, ನೀವ್ ಎಂತದೂ ಕಂಡಿಲ್ಲೆ" ಎಂದ.

"ಕಂಡೆ ಮಾರಾಯ. ಅವಳೂ ಕಾಣ್ತ್ಳ್. ಒಂದ್ ಎಲೆ ಹಿಂಡಿ ಮೂಸಿದ್ರೆ ಅವ್ಳಿಗೆ ಗೊತ್ತಾತ್."

"ಮೂಸುವಷ್ಟ್ರಲ್ಲಿ ರೈಲ್ ಹತ್ತಿರ್ತೆವ್."

ಹಾರೆ ತೆಗೆದುಕೊಂಡು ಬೇಲಿಯೊಳಗೆ ಹೋದ. ನಾನು ಹಿಂದೆಯೇ ಹೋದೆ, ಬೈಯಬೇಕೆಂದೇ ಹೋದದ್ದು. ಅವನು ಮೊದಲ ಗಿಡದ ಬುಡದ ಮಣ್ಣನ್ನು ಸಡಿಲಿಸಿ, ಹಾರೆ ಪಕ್ಕಕ್ಕಿಟ್ಟು, ಕಾಂಡವನ್ನು ಹಿಡಿದು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಸತ್ತ ಗಿಡ ಹೇಗೆ ಬರುತ್ತದೆಂದು ನಿಮಗೆ ಗೊತ್ತು, ಮೊಸರಿನಿಂದ ಕಡೆಗೋಲು ತೆಗೆದಷ್ಟು ಸಲೀಸು. ಇದು ಮಣ್ಣನ್ನು ಕಚ್ಚಿ ಹಿಡಿದಿತ್ತು. ಶೀನ ಕೈಬಿಟ್ಟು ಹಾಗೇ ಮಣ್ಣಿನ ಮೇಲೆ ಕುಳಿತ. ಬಗ್ಗಿ ಬುಡವನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ಕರೆದು ತೋರಿಸಿದ. ಸುಣ್ಣ ಬಳಿದ ಕಾಂಡದ ತೀರ ಕೆಳಗೆ, ಮಣ್ಣಿಗೆ ಅಂಟಿದ ಹಾಗೆ, ಸುಣ್ಣವನ್ನು ಒಡೆದುಕೊಂಡು ಸಾಸಿವೆ ಕಾಳಿನಷ್ಟು ಹಸಿರು.

ಅವನ ಕಣ್ಣಲ್ಲಿ ನೀರು ಬಂದಿತ್ತು. "ಈಗಷ್ಟೇ ಕೀಳ್ತಿದ್ದೆ ಅಲ್ದಾ ಅತ್ಗಿ" ಎಂದ. ನನಗೆ ಬೈಯಬೇಕೆಂದು ಬಂದದ್ದು ಮರೆತೇಹೋಯಿತು. ಇಬ್ಬರೂ ಸೇರಿ ಕೈಯಿಂದಲೇ ಮಣ್ಣು ಮುಚ್ಚಿ ಒತ್ತಿದೆವು. ಉಳಿದ ಮೂರನ್ನು ಅವನು ಮುಟ್ಟಲಿಲ್ಲ. ತಂದ ಸಸಿಗಳನ್ನು ಕೊಟ್ಟಿಗೆಯ ಹಿಂದೆ ನೆಟ್ಟ.

ಸಂಜೆ ವಾರಿಜ ಬಂದಾಗ ಓಡಿಹೋಗಿ ಹೇಳುತ್ತಾನೆ ಎಂದುಕೊಂಡಿದ್ದೆ. ಹೇಳಲಿಲ್ಲ. "ಅವಳೇ ಕಾಣ್ಲಿ" ಎಂದು ನನ್ನ ಬಾಯಿಯನ್ನೂ ಕಟ್ಟಿಹಾಕಿದ. ನನ್ನಂಥವಳ ಬಾಯಿ ಕಟ್ಟುವುದೆಂದರೆ ಏನು ಹಿಂಸೆ ಎಂದು ನಿಮಗೆ ಹೇಗೆ ಹೇಳಲಿ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಬೆಳಗ್ಗೆ ನಾನು ದೋಸೆ ಹೊಯ್ಯುತ್ತಿದ್ದಾಗ ವಾರಿಜ ಒಳಗೆ ಬಂದಳು. ಕೈ ಒದ್ದೆ, ಸೆರಗಿಗೆ ಮಣ್ಣು. "ಅಕ್ಕ, ಚಿಗುರಿತ್" ಎಂದಳು. ಅಷ್ಟೇ ಹೇಳಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಗಿಡ ಒಣಗಿದ ದಿನ ಅಳದವಳು ಆ ದಿನ ಅತ್ತಳು. ನನಗೂ ಅಳು ಬಂತು, ದೋಸೆ ಸೀದು ಕರಕಲಾಯಿತು. ಅತ್ತೆ ಆ ದೋಸೆಯನ್ನು ನನಗೇ ತಿನ್ನಿಸಿದರು.

ಮೊದಲ ಮಳೆ ಬಿತ್ತು. ಇನ್ನೆರಡು ಗಿಡಗಳೂ ಕಣ್ಣು ಬಿಟ್ಟವು, ಒಂದು ಗೇಣು ಎತ್ತರದಲ್ಲಿ, ಇನ್ನೊಂದು ಅರ್ಧ ಕಾಂಡದಲ್ಲಿ. ನಾಲ್ಕನೆಯದು ಮಾತ್ರ ಹೋದದ್ದು ಹೋಯಿತು. ಆಗ ವಾರಿಜ ಗಂಡನ ಕೈಗೆ ಕತ್ತಿ ಕೊಟ್ಟಳು. ಚಿಗುರಿನ ಸ್ವಲ್ಪ ಮೇಲೆ, ಓರೆಯಾಗಿ, ಒಂದೇ ಏಟಿಗೆ. ಬುಡದಿಂದ ಬಂದದ್ದಾದರೂ ಬೀಜದ ಗಿಡವಾದ್ದರಿಂದ ಅದೇ ತಾಯಿಯ ಜಾತಿ, ಹೆದರಬೇಕಾಗಿಲ್ಲ, ಬಲವಾದ ಒಂದು ಚಿಗುರು ಉಳಿಸಿ ಬಾಕಿಯದನ್ನು ಚಿವುಟು ಎಂದು ನನಗೂ ಪಾಠ ಹೇಳಿದಳು. ಮರುವಾರ ರೈಲು ಹಿಡಿಯಲು ಘಟ್ಟದ ಬಸ್ಸು ಹತ್ತಿ ಇಬ್ಬರೂ ಹೊರಟರು. ಶೀನನ ತಲೆಯ ಮೇಲೆ ಐಸ್ ಕ್ರೀಮಿನ ಬಕೆಟ್ಟು ಇತ್ತು. ಹೋಟೆಲಿನ ಧನಿ ಬೈದನಂತೆ, ಆದರೆ ಕೆಲಸದಿಂದ ತೆಗೆಯಲಿಲ್ಲ.

ಮೂರು ಮರಗಳೂ ಚೆನ್ನಾಗಿ ಬಂದವು. ಪ್ರತಿ ವರ್ಷ ಮುಂಬಯಿಗೆ ಹೋಗುವವರ ಕೈಯಲ್ಲಿ ಒಂದು ಭರಣಿ ಉಪ್ಪಿನಕಾಯಿ ಕಳಿಸುತ್ತಿದ್ದೆ. ಸಿದ್ದಾಪುರದ ಸಸಿಗಳೂ ಕಾಯಿ ಬಿಟ್ಟವು, ಅವುಗಳ ಉಪ್ಪಿನಕಾಯಿ ವ್ಯತ್ಯಾಸ ತಿಳಿಯದ ಗಂಡಸರ ಊಟಕ್ಕೆ. ಕಾಲ ಕಳೆದ ಹಾಗೆ ಮರಗಳಿಗೂ ವಯಸ್ಸಾಯಿತು, ಒಂದೊಂದಾಗಿ ಒಣಗಿದವು. ಕೊನೆಯದು ಹೋಗಿ ಮೂರು ವರ್ಷವಾಯಿತು. ಅದರ ಬೀಜದಿಂದ ನಾನು ಎಬ್ಬಿಸಿದ ಗಿಡವೇ ಮೊನ್ನೆ ಸ್ಮಿತಾಳ ಕೈಗೆ ಸಿಕ್ಕಿ ಬೋಳಾದದ್ದು. ಈಗ ಹೇಳಿ, ನನ್ನ ಎದೆ ಧಸಕ್ಕೆನ್ನುವುದು ತಪ್ಪೇ?

ಸಿಟ್ಟಿಗೂ ನಗುವಿಗೂ ಮಧ್ಯೆ ಸಿಕ್ಕಿ, ಜಗಲಿಯಲ್ಲಿ ಕುಳಿತು, ಈಗ ಅವರಿಬ್ಬರೂ ಇರುವ ಡೊಂಬಿವಲಿಗೆ ಫೋನು ಮಾಡಿದೆ. ವಾರಿಜಳಿಗೆ ಈಚೆಗೆ ಕಿವಿ ಮಂದ, ನಾನು ಕೂಗಿ ಹೇಳಬೇಕು. ಗಿಡದ ಅವಸ್ಥೆಯನ್ನು ಕೂಗಿ ಹೇಳಿದೆ. ಅವಳು ಕೆಮ್ಮು ಬರುವಷ್ಟು ನಕ್ಕಳು. ಹಿಂದಿನಿಂದ ಶೀನ, "ಸ್ವೆಟರ್ ಬೇಕಾ ಕೇಣ್" ಎನ್ನುವುದು ಕೇಳಿಸಿತು. ಮಾತಿಗೆ ಮಾತು ಬಂದು, ಇಷ್ಟು ವರ್ಷ ಬಾಯಿಗೆ ಹಾಕಿದ್ದ ಬೀಗ ಜಾರಿತು. ಅವಳೂ ಅತ್ತೆಯೂ ಕುಂದಾಪುರಕ್ಕೆ ಹೋದ ದಿನ ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಗೊತ್ತಿತ್ತ್ ಅಕ್ಕ" ಎಂದಳು ವಾರಿಜ. "ಬುಡದ ಮಣ್ಣ್ ಹೊಸತಾಯಿ ಒತ್ತಿದ್ದ್ ಕಂಡ್ರೆ ತಿಳೀದಾ? ಕೊಟ್ಟಿಗೆ ಹಿಂದೆ ಕೆಂಪು ಮಣ್ಣ್ ಬೇರೆ."

"ಮತ್ತೆ ಎಂತಕ್ಕೆ ಏನೂ ಹೇಳ್ಲಿಲ್ಲ?"

ಅವಳು ದನಿ ತಗ್ಗಿಸಿ, "ಆ ಚಿಗುರನ್ನ ನಾನ್ ಅದ್ಕಿಂತ ಮೊದ್ಲೇ ಕಂಡಿದ್ದೆ" ಎಂದಳು. "ಹೇಳಿದ್ರೆ ಕೂಡ್ಲೇ ಹೊರಡ್ಕ್. ಹೆದ್ರಿಕೆ ಆಯ್ತ್. ಈ ಮನ್ಷನ ಹಿಂದೆ ಅಷ್ಟ್ ದೂರ ಹೋಪುದಾ ಬ್ಯಾಡ್ದಾ ಅಂತ ಗೊತ್ತಾಗ್ಲಿಲ್ಲ. ಅವತ್ತ್ ಬಂದ್ ಕಂಡ್ರೆ, ಕೀಳುಕ್ ಹೋದವ್ರ್ ಕೀಳ್ದೆ ಮಣ್ಣ್ ಮುಚ್ಚಿದ್ರ್. ಬಾಯಿ ಬಿಟ್ಟ್ ಹೇಳ್ಲೂ ಇಲ್ಲ. ನಾನ್ ಚಿಗುರ್ ಕಂಡ್ ಹೊರಟದ್ದಲ್ಲ ಅಕ್ಕ. ಆ ಮಣ್ಣ್ ಕಂಡ್ ಹೊರಟದ್ದ್."

ಹಾಗಾದರೆ ಅಂದು ಅಡುಗೆಮನೆಯಲ್ಲಿ ನನ್ನ ಹೆಗಲ ಮೇಲೆ ಅತ್ತದ್ದು ಗಿಡಕ್ಕಾಗಿ ಎಂದು ಇಷ್ಟು ವರ್ಷ ತಿಳಿದಿದ್ದೆನಲ್ಲ. ನಾನೊಬ್ಬಳು ದಡ್ಡಿ. ಆ ಕಡೆಯಿಂದ ಶೀನ, "ಎಂತ ಅಂಬ್ರ್ ಅತ್ಗಿ?" ಎಂದು ಕೇಳುತ್ತಿದ್ದ. "ಎಂತದೂ ಇಲ್ಲ, ನೀವ್ ಸುಮ್ನೆ ಇರ್ಕ್" ಎಂದಳು ಅವಳು.

ಫೋನು ಇಟ್ಟು ಮತ್ತೆ ಹಿತ್ತಿಲಿಗೆ ಹೋದೆ. ನನ್ನ ಕೂಗು ಇಡೀ ಮನೆಗೆ ಕೇಳಿಸಿರಬೇಕು. ಬೋಳು ಗಿಡದ ಸುತ್ತ ನಾಲ್ಕು ಕೋಲು ನೆಟ್ಟು, ಮೇಲೆ ತನ್ನದೊಂದು ಹಳೆಯ ದುಪಟ್ಟಾ ಕಟ್ಟಿ ಸ್ಮಿತಾ ನೆರಳು ಮಾಡಿದ್ದಳು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹೆಬ್ಬೆರಳ ಉಗುರಿನಿಂದ ಕಾಂಡವನ್ನು ಕೆರೆಯುತ್ತಿದ್ದಳು. ನನ್ನ ಕೋಲಿನ ಸದ್ದಿಗೆ ಬೆಚ್ಚಿ ಕೈ ಹಿಂದೆ ಕಟ್ಟಿಕೊಂಡಳು. ಕಣ್ಣು ಕೆಂಪಾಗಿತ್ತು.

"ಒಳಗೆ ಹಸಿರಿತ್ತ್ ಅಮ್ಮಮ್ಮ" ಎಂದಳು, ಸಣ್ಣ ದನಿಯಲ್ಲಿ.

"ಇಪ್ಪುದೇ" ಎಂದೆ. "ಇನ್ನ್ ಕೆರುಕಾಗ. ಬಾ, ಊಟ ಮುಗ್ಸುವ."

ಒಳಗೆ ಬಂದು ಆ ಐಸಿನ ತೊಟ್ಟೆಯಿಂದಲೇ ಎರಡು ಎಲೆ ತೆಗೆದು ಮಜ್ಜಿಗೆಗೆ ಹಿಂಡಿದೆ. ಒಂದು ಲೋಟ ಅವಳಿಗೆ ಕೊಟ್ಟೆ, ಒಂದು ನಾನು ಕುಡಿದೆ. ಚೆನ್ನಾಗಿಯೇ ಇತ್ತು. ಹಾಗೆಂದು ಅವಳಿಗೆ ಹೇಳಿಯೂಬಿಟ್ಟೆ.